ಕೊಸರು

ಗಂಜಿನ್ಯಾಗ ಮೂವತ್ತೊಂದು ವರ್ಷ
ಕಾಂಟಾದ ಮುಂದ ನಿಂತವ ನಾನು.
ತೊಗರಿ ಚೀಲ ಏರೋದು, ಇಳಿಯೋದು,
ಮುಳ್ಳು ನಡುಗಿ ನಡುಗಿ ನಿಲ್ಲೋತನ
ಉಸುರು ಹಿಡಿಯೋದು,
ಇಷ್ಟೇ ನನ್ನ ಬಾಳ್ವಿ.
ಹಮಾಲನ ಬೆನ್ನು ಬಾಗಿದ್ದು ನೋಡೇ ಹೇಳ್ತಿದ್ದೆ:
"ಐವತ್ತೆರಡು ಕಿಲೊ, ಮ್ಯಾಲ ಮುನ್ನೂರು ಗ್ರಾಂ."
ತಪ್ಪಿದ್ದು ಕಡಿಮಿ.

ನನ್ನ ಹೊಟ್ಟಿದು ಮಾತ್ರ ಎಂದೂ ಅಂದಾಜ ಹತ್ತಲಿಲ್ಲ.

ಡಾಕ್ಟರ್ ನಫೀಸಾ ಮೇಡಂ
ಚೀಟಿ ತಿರುವಿ ನೋಡಿ, ಚಾಳೀಸ ಸರಿಸಿ,
"ಕಾಶಪ್ಪನವ್ರೆ, ಕಾಂಟಾ ಮ್ಯಾಲ ನಿಲ್ರಿ" ಅಂದ್ರು.
ಮೊದಲ್ನೇ ಸಲ ನಾನೇ ಚೀಲ ಆದೆ.
ತೊಂಬತ್ತೊಂದು.
ಸೂಟು ಕಳೀರಿ ಮೇಡಂ, ಅಂದೆ,
ಅಂಗಿ, ಧೋತ್ರ, ಕಿಸೆದಾಗಿನ ಅಡಕಿ ಡಬ್ಬಿ...
ನಗಲಿಲ್ಲ ಅವ್ರು.
"ಸಕ್ಕರಿ ಬಂದದ. ಊಟ ಬಿಡಬ್ಯಾಡ್ರಿ,
ಅಳತಿ ಕಲೀರಿ."

ಜಗದೇವಿ ಅವತ್ತೇ ಹೊಸ ಗಂಗಾಳ ತಂದ್ಲು,
ಹಳೇದಕ್ಕಿಂತ ಮೂರು ಬೆರಳು ಸಣ್ಣದು.
ಅರ್ಧ ತುಂಬ ಪುಂಡಿಪಲ್ಯ, ಮೆಂತ್ಯ ತಪ್ಪಲ, ಸೌತಿಕಾಯಿ,
ಒಂದು ಮೂಲ್ಯಾಗ ಬ್ಯಾಳಿ,
ಮತ್ತ ಎರಡು ಜ್ವಾಳದ ರೊಟ್ಟಿ.
ಮೊದಲ ಐದು ತಿಂತಿದ್ದೆ.
ಐದಲ್ಲ, ಖರೆ ಹೇಳ್ಬೇಕಂದ್ರ;
ಐದರ ನಂತರ ಎಣಿಸೋದು ಬಿಟ್ಟಿದ್ದೆ.

ಮೊದಲ ವಾರ ಹುಚ್ಚು ಹಿಡದಂಗಾತು.
ಅನ್ನಕ್ಕ ವಾಟಗಾ, ಶೇಂಗಾ ಹಿಂಡಿಗೆ ಚಮಚಾ,
ಮುಂಜಾನಿ ಅಪ್ಪನ ಕೆರಿಗೆ ಎರಡು ಸುತ್ತು,
ಚಹಾದಾಗ ಸಕ್ಕರಿ ಇಲ್ಲ, ಮಾತಿನ್ಯಾಗೂ ಇಲ್ಲ.
ಎಂಟನೇ ದಿನ ಸಂಜಿಕೆ
ಸೂಪರ್ ಮಾರ್ಕೆಟ್ ಕಡೆ ಕಾಲು ತಾವೇ ಹ್ವಾದವು.
ಖದೀರ ಭಾಯಿ ಕಡಾಯಿದಾಗ ಮಾಲ್ಪುರಿ
ಅಂಚು ಕೆಂಪಾಗಿ ತೇಲ್ತಿದ್ದವು.
ನಾಲ್ಕು ತಿಂದೆ, ನಿಂತಲ್ಲೇ,
ರಸ್ತಾಕ ಬೆನ್ನು ಕೊಟ್ಟು,
ಕಳುವಿನ ಮಾಲು ಬಾಯಾಗ ಬಚ್ಚಿಟ್ಟಂಗ.
ರುಚಿ? ಗೊತ್ತಿಲ್ಲ.
ಕದ್ದದ್ದಕ್ಕ ನಾಲಿಗಿ ಸಾಕ್ಷಿ ಹೇಳೋದಿಲ್ಲ.

ರಾತ್ರಿ ಜಗದೇವಿ ಜಗಳಾಡಲಿಲ್ಲ.
ನನ್ನ ಅಂಗಿ ಮ್ಯಾಲಿನ ಖೋವಾದ ಚೂರು ತಗದು
ಬೆರಳಿನ ತುದಿಗೆ ಹಿಡದು ತೋರಿಸಿದ್ಲು:
"ಇದೆಷ್ಟು ತೂಕ?"

ಆಗ ಅವ್ವ ನೆನಪಾದ್ಲು.
ಸಂತ್ಯಾಗ ಗಜ್ಜರಿ ತೂಗಿಸಿಕೊಂಡು, ರೊಕ್ಕ ಕೊಟ್ಟು,
ಪಲ್ಯದಾಕಿ ಎದುರು ಕುಂತೇ ಇರ್ತಿದ್ಲು, ಏಳ್ತಿದ್ದಿಲ್ಲ.
"ಕೊಸರು ಹಾಕಬೇ."
ತೂಕ ಮುಗದ ಮ್ಯಾಲ ಬರೋದು ಅದು:
ಹಿಡಿ ಕೊತ್ತಂಬರಿ, ಎರಡು ಹಸಿಮೆಣಸಿನಕಾಯಿ.
ಅದಕ್ಕ ಕಾಂಟಾ ಇಲ್ಲ, ಖರೆ.
ಆದ್ರ ಬರೀ ಕೊಸರಿಗಂತ
ಯಾರೂ ಬುಟ್ಟಿ ಒಡ್ಡಿದ್ದು ನಾ ನೋಡಿಲ್ಲ.

ಈಗ ಹಿಂಗ ಒಪ್ಪಂದ ಆಗ್ಯಾದ:
ವಾರ ಪೂರ್ತಿ ತೂಕ, ಐತಾರ ಕೊಸರು.
ಒಂದು ಮಾಲ್ಪುರಿ, ಇಬ್ಬರ ನಡುವ.
ಖದೀರ ಭಾಯಿ ಕಾಗದದಾಗ ಸುತ್ತಿ ಕೊಡ್ತಾನ,
"ಒಂದೇ ಏನ್ ಕಾಶಪ್ಪಾ? ಗಂಜ್ ದಿವಾಳಿ ಎದ್ದದೇನು?"
ಮನಿಗೆ ತಂದು, ಕಟ್ಟಿ ಮ್ಯಾಲ ಕುಂತು,
ಸಣ್ಣ ಗಂಗಾಳದಾಗಿಟ್ಟು
ಜಗದೇವಿ ಮುರೀತಾಳ.
ನನ್ನ ಕಣ್ಣು ಈಗೂ ತೂಗ್ತಾವ:
ಈ ಕಡೆ ಮೂವತ್ತು ಗ್ರಾಂ, ಆ ಕಡೆ ಇಪ್ಪತ್ತಾರು.
ಚಟ ಹೋಗೋದಿಲ್ಲ.

ಎಲ್ಲಾ ದಿನ ಲೆಕ್ಕಕ್ಕ ಕೂಡ್ತದಂತಲ್ಲ.
ಎಳ್ಳಮಾಸಿಗೆ ಸಾಡೂನ ಹೊಲಕ್ಕ ಹ್ವಾದ್ವಿ.
ಭಜ್ಜಿಪಲ್ಯ ಎಷ್ಟರೆ ತಿನ್ನು, ಯಾರೂ ಕೇಳೋದಿಲ್ಲ;
ಶೇಂಗಾ ಹೋಳಗಿ ಎರಡಂತ ಹೋಗಿ ಮೂರುವರಿ ಆತು.
ಮರುದಿನ ಕೆರಿಗೆ ಮೂರು ಸುತ್ತು ಹೊಡದೆ.
ಶಿಕ್ಷಾ ಅಂತಲ್ಲ,
ಹೊಟ್ಟಿ ಭಾರ ಇತ್ತು, ಗಾಳಿ ತಂಪಿತ್ತು.

ಮೊನ್ನಿ ಐತಾರ
ಮಾಲ್ಪುರಿ ಸೊಟ್ಟ ಮುರೀತು.
ದೊಡ್ಡ ತುಂಡು ನನ್ನ ಕಡೆ ಸರಿಸಿದ್ಲು.
ನಾಕು ಗ್ರಾಂ ಹೆಚ್ಚದ ನೋಡು, ಅಂದೆ.
"ಇರ್ಲಿ, ಕೊಸರು" ಅಂದ್ಲು
ಬೆರಳು ನೆಕ್ಕೋತ.