ಬಾಗಿಲಿಗೆ ಜಿಪ್ಪು

ಬಳ್ಳಾರಿಯ ಕೌಲ್ ಬಜಾರಿನ ನನ್ನ ಶೆಡ್ಡಿಗೆ
ಸುಂಕಮ್ಮನ ಗಾಡಿ ಬರುವುದು ಮೊದಲು ಕಿವಿಗೆ,
ಆಮೇಲೆ ಕಣ್ಣಿಗೆ.
ಸ್ಕೂಟರೇ ಅದು. ಹಿಂದೆ ಎರಡು ಹೆಚ್ಚಿನ ಗಾಲಿ,
ಸುತ್ತ ಒಂದು ಗೂಡು.
ಮುಂದೆ ದಪ್ಪ ಪ್ಲಾಸ್ಟಿಕ್ಕಿನ ಗಾಜು, ಸತ್ತ ಆಟೋದ ವೈಪರು,
ತಲೆ ಮೇಲೆ ತಗಡು,
ಎರಡೂ ಮಗ್ಗುಲಿಗೆ ಜೀನ್ಸ್ ಬಟ್ಟೆಯ ಪರದೆ.
ಅವಳೇ ಹೊಲಿದದ್ದು, ಅವಳೇ ಹಚ್ಚಿದ ಜಿಪ್ಪು.
ಎಡಗಡೆ ಪರದೆಗೆ ಜೇಬೂ ಇದೆ,
ಅದರಲ್ಲಿ ಆರ್‌ಸಿ, ಇನ್ಶೂರೆನ್ಸು, ಎರಡು ಬಾಬಿನ್ನು.

ಎಡಗಾಲಿಗೆ ಬಲವಿಲ್ಲ ಅವಳಿಗೆ, ಬಾಯಿಗೆ ಇದೆ.
"ಸ್ಕೂಟರಿಗ್ಯಾಕಕ್ಕಾ ಗೂಡು?" ಅಂದಿದ್ದೆ ಮೊದಲ ಸಲ.
"ಅದಿರು ಲಾರಿ ಹಿಂದೆ ಹೋಗಿ ನೋಡು.
ಹೊಲಿದ ನಲವತ್ತು ಪ್ಯಾಂಟು ಕೆಂಪಾದರೆ
ಸೇಠು ನಿನ್ನ ಹತ್ರ ದುಡ್ಡು ಕೇಳ್ತಾನಾ?"

ನಿಜ. ಈ ಊರಿನ ಧೂಳು ಧೂಳಲ್ಲ, ಕಬ್ಬಿಣ.
ಏರ್ ಫಿಲ್ಟರ್ ಬಿಚ್ಚಿ ಬಡಿದರೆ
ಕುಂಕುಮದ ಭರಣಿ ಉರುಳಿದ ಹಾಗೆ.
ಆಯಸ್ಕಾಂತ ಹಿಡಿದು ತೋರಿಸಿದೆ ಖಲಂದರನಿಗೆ,
ಕಂಬಿಯ ತುದಿಗೆ ಗಡ್ಡ ಬಂದಂತೆ ಪುಡಿ ಎದ್ದು ನಿಂತಿತು.
ಹುಡುಗ ಗಲ್ಲ ಸವರಿಕೊಂಡ. ಅವನಿಗಿನ್ನೂ ಬಂದಿಲ್ಲ.
ಮೂರು ಸಾವಿರ ಕಿಲೋಮೀಟರಿಗೊಮ್ಮೆ ಎನ್ನುತ್ತದೆ ಪುಸ್ತಕ.
ಬರೆದವನು ತೋರಣಗಲ್ಲು ರೋಡು ಕಂಡಿಲ್ಲ.
ನಾನು ಎಂಟುನೂರಕ್ಕೇ ಬಿಚ್ಚುತ್ತೇನೆ.

ಗಾಜಿಗೆ ಮಾತ್ರ ಒಣ ಬಟ್ಟೆ ಮುಟ್ಟಿಸಬಾರದು.
ಅದನ್ನು ಕಲಿತದ್ದು ಅವಳ ಖರ್ಚಿನಲ್ಲಿ.
ಒರೆಸಿ ಕೊಟ್ಟಿದ್ದೆ, ಫಳಫಳ;
ಸಂಜೆಯ ಎದುರು ಬಿಸಿಲಿಗೆ
ಗಾಜಿನ ತುಂಬ ಜೇಡರ ಬಲೆ.
ಬೈಯಲಿಲ್ಲ. "ಮೊದಲು ನೀರು, ಆಮೇಲೆ ಕೈ,"
ಅಂದಳು, ಬಾಣಂತಿಗೆ ಕೂಸಿನ ಸ್ನಾನ
ಹೇಳಿಕೊಡುವವಳ ಹಾಗೆ.

ಈ ಸಲ ತಂದದ್ದು ಒಂದು ಸದ್ದು.
"ಟಿಣ್ ಅಂತೈತೆ. ಎಡಕ್ಕೆ ತಿರುಗಿದರೆ ಒಂದು,
ಬಲಕ್ಕೆ ತಿರುಗಿದರೆ ಒಂದು. ನೆಟ್ಟಗೆ ಹೋದರೆ ಇಲ್ಲ."

ಸ್ಟ್ಯಾಂಡು ನೋಡಿದೆ. ಹಬ್ಬು ನೋಡಿದೆ. ಕೋನ್ ಸೆಟ್ ಬಿಗಿಮಾಡಿದೆ.
ವೆಲ್ಡಿಂಗಿನ ಹದಿನಾಲ್ಕು ಗಂಟುಗಳನ್ನು ಪಾನಾದಿಂದ ತಟ್ಟಿ ಕೇಳಿದೆ
ಗಡಿಗೆ ಕೊಳ್ಳುವವರ ಹಾಗೆ.
ಖಲಂದರ ಓಡಿಸಿದ, ಪಕ್ಕದಲ್ಲಿ ನಾನು ಓಡಿದೆ
ಗೊಬ್ಬರದಂಗಡಿಯ ತನಕ. ನಾಯಿಗಳೂ ಓಡಿದವು.
ಏನೂ ಕೇಳಲಿಲ್ಲ.

"ಹೊರಗಿದ್ರೆ ಹೆಂಗೆ ಕೇಳ್ತೈತೆ?" ಅಂದಳು ಬೆಂಚಿನಿಂದ.
"ಒಳಗೆ ಕುಂದ್ರು. ಜಿಪ್ಪು ಹಾಕ್ಕೋ."

ಆರು ವರ್ಷದ ರಿಪೇರಿಯಲ್ಲಿ
ಒಮ್ಮೆಯೂ ಒಳಗೆ ಕೂತು ಜಿಪ್ಪೆಳೆದವನಲ್ಲ ನಾನು.
ಮೊಣಕಾಲು ಗಲ್ಲಕ್ಕೆ ಬಂತು. ಜಿಪ್ಪು ಏರುತ್ತ
ಬಜಾರು ತಗ್ಗುತ್ತ ಹೋಯಿತು,
ಟ್ಯಾಂಕರಿನ ಹಾರನ್ನು ಪಕ್ಕದ ಮನೆಯ ಕೆಮ್ಮಿನಷ್ಟಾಯಿತು.
ಬಿಸಿಲೂ ನೀಲಿ ಅಲ್ಲಿ.
ಹೊಲಿಗೆ ಎಣ್ಣೆಯ ವಾಸನೆ, ಎಲ್ಲೋ ಒಂದು ಲವಂಗ.
ಹಿಡಿಕೆಗೆ ಸುತ್ತಿದ ದಾರ ಅವಳ ಹೆಬ್ಬೆರಳಿಗೆ ಸವೆದು
ನನ್ನದನ್ನು ಕೂರಿಸಿಕೊಳ್ಳಲಿಲ್ಲ.
ಮುಂದೆ, ಗಾಜಿನಾಚೆ, ಕೋಟೆಯ ಗುಡ್ಡ.
ಇಡೀ ಊರಿಗೆ ಅದು ಒಂದೇ ಬಂಡೆ,
ಇವಳಿಗೆ ಮಾತ್ರ
ನನ್ನ ಬಟ್ಟೆ ಕೊರೆದ ಗೀರುಗಳಲ್ಲಿ ದಿನಾ ನೂರು ಚೂರು.

ಎಡಕ್ಕೆ ತಿರುಗಿದೆ. ಟಿಣ್.
ಬಲಕ್ಕೆ. ಟಿಣ್.
ತಲೆಯ ಮೇಲೆ!
ತಗಡಿನಂಚಿನ ಚೌಕ ಪೈಪಿನೊಳಗೆ
ಯಾರೋ ಗೋಲಿ ಆಡುತ್ತಿದ್ದಾರೆ.

ತುದಿಯ ಬಿರಡೆ ಯಾವಾಗಲೋ ಬಿದ್ದುಹೋಗಿತ್ತು.
ಮೂವರು ಸೇರಿ ಗಾಡಿ ವಾಲಿಸಿದೆವು.
ಮೊದಲು ಅರ್ಧ ಮುಷ್ಟಿ ಕೆಂಪು ಮಣ್ಣು,
ಅದರ ಹಿಂದೆ
ಪ್ಯಾಂಟಿನ ಜೇಬಿನ ತಾಮ್ರದ ರಿವೆಟ್ಟು, ಒಂದೇ ಒಂದು.

ಸೆರಗಿಗೆ ಒರೆಸಿ ಬೆಳಕಿಗೆ ಹಿಡಿದಳು.
"ದೀಪಾವಳಿ ಲಾಟಿನಾಗೆ ಒಂದು ಕಮ್ಮಿ ಅಂತ
ಒಂದು ಪೀಸಿನ ಕೂಲಿ ಹಿಡಿದಿದ್ದ ಸೇಠು."
ಜೇಬಿಗೆ ಹಾಕಿದಳು, ಬಾಬಿನ್ನುಗಳ ಜೊತೆ.

ಬಿಲ್ಲು ಬರೆದೆ. ಫಿಲ್ಟರು, ಗ್ರೀಸು, ಒಂದು ಬಿರಡೆ.
ಸದ್ದಿಗೆ ಏನು ಬರೆಯುವುದೋ ತಿಳಿಯಲಿಲ್ಲ.
"ಭಾನುವಾರ ಬಾ ಅಕ್ಕಾ, ಗಾಜು ಪಾಲಿಶ್ ಮಾಡ್ತೀನಿ.
ಅದಕ್ಕೆ ಬಿಲ್ಲಿಲ್ಲ."

ಅರ್ಧಕ್ಕೆ ಸಿಕ್ಕಿಕೊಂಡ ಜಿಪ್ಪಿಗೆ
ಮೇಣದ ತುಂಡು ಉಜ್ಜುತ್ತ ಕೇಳಿದಳು ಒಳಗಿಂದ:
"ಮೊದಲು ಏನು?"

"ನೀರು."

ಜಿಪ್ಪು ಸರ್ರನೆ ಮೇಲೆ ಹೋಯಿತು.