ಝ ಆಕಾರದ ಖಾರ ಬಿಸ್ಕತ್ತು

ಮೊದಲು ಕುಕ್ಕರಿನ ಗ್ಯಾಸ್ಕೆಟ್ಟು ತೆಗೆದಿಡಬೇಕು, ವಿಶಲ್ಲೂ.
ಇವತ್ತು ಅದು ಕೂಗುವ ಹಾಗಿಲ್ಲ.
ತಳಕ್ಕೆ ಎರಡು ಬೆರಳೆತ್ತರ ಮರಳು,
ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯಿಂದ ಚೀಲದಲ್ಲಿ ತಂದು
ಏಳು ನೀರು ತೊಳೆದು ತಾರಸಿಯಲ್ಲಿ ಒಣಗಿಸಿದ್ದು.
ಸಣ್ಣ ಉರಿ. ಕಾಯಲಿ ಅದರ ಪಾಡಿಗೆ.

ಹಿಟ್ಟಿಗೆ ಎರಡು ಲೋಟ ಮೈದಾ,
ಡಾಕ್ಟರ ಮಾತಿಗೆ ಮರ್ಯಾದೆಯೆಂದು ಅರ್ಧ ಲೋಟ ಗೋಧಿ.
ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ಉಜ್ಜುತ್ತ ಹೋದರೆ
ಅದೂ ಒದ್ದೆ ಮರಳಿನ ಹಾಗಾಗುತ್ತದೆ;
ಮುಷ್ಟಿ ಕಟ್ಟಿದರೆ ನಿಲ್ಲಬೇಕು, ತಟ್ಟಿದರೆ ಉದುರಬೇಕು.
ಆಮೇಲೆ ಜೀರಿಗೆ, ಜಜ್ಜಿದ ಹಸಿಮೆಣಸು, ಹರಿದ ಕರಿಬೇವು,
ಉಪ್ಪು, ಚಿಟಿಕೆ ಸಕ್ಕರೆ, ಚೂರು ಸೋಡಾ.
ಮೊಸರು ಎಷ್ಟು ಅಂದರೆ, ಹಿಟ್ಟು ಸಾಕು ಅನ್ನುವಷ್ಟು.

ಹೀಗೆ ಕಲಸುತ್ತಿರುವ ಈ ಕೈ
ಮೂವತ್ತೆಂಟು ವರ್ಷ ಅಡುಗೆಮನೆಗೆ ನಿಷಿದ್ಧ.
ದುರ್ಗಿಗುಡಿಯ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿ ಬಂದರೆ
ಹಿತ್ತಿಲ ಕಲ್ಲಿನ ಹತ್ತಿರವೇ ತಡೆಯುತ್ತಿದ್ದಳು ಸಣ್ಣಮ್ಮ:
ಸೀಸದ ಕೈ, ಸೀಗೆಪುಡಿ ಹಾಕಿ ತಿಕ್ಕಿ,
ಇನ್ನೊಂದು ಸಲ ತಿಕ್ಕಿ.
ಮಗನ ಬಾಯಿಗೆ ಒಂದು ತುತ್ತು ಇಟ್ಟವನಲ್ಲ ನಾನು.
ಊರಿನ ಮದುವೆ, ಮುಂಜಿ, ವೈಕುಂಠ ಸಮಾರಾಧನೆ,
ಎಲ್ಲರನ್ನೂ ಊಟಕ್ಕೆ ಕರೆದದ್ದು ಮಾತ್ರ ಇದೇ ಬೆರಳು.

ಪ್ರೆಸ್ಸು ಮುಚ್ಚಿದ ದಿನ ಅಕ್ಷರಗಳನ್ನು ತೂಕಕ್ಕೆ ಹಾಕಿದರು.
ಅ ಆದರೂ ಕ್ಷ ಆದರೂ ಕೆಜಿಗೆ ಒಂದೇ ರೇಟು.

ಮಹಡಿಯ ಬಾಡಿಗೆಯವರ ಹುಡುಗಿ ಬಂದು ಕೂತಿದ್ದಾಳೆ, ಎರಡನೇ ಕ್ಲಾಸು.
ಶಾಲೆಯ ಹಾಜರಿಯಲ್ಲಿ ಜೈನಬ್ ಅಂತ ಬರೆದಿದ್ದಾರಂತೆ.
"ನಂದು ಝೈನಬ್, ತಾತ. ಝಂಡಾದ ಝ."
ಗೊತ್ತು ನನಗೆ ಆ ಝ. ಕೇಸಿನ ಮೂಲೆಯ ಖಾನೆಯಲ್ಲಿ
ಧೂಳು ಹೊದ್ದು ಮಲಗಿರುತ್ತಿತ್ತು,
ಯಾರಾದರೂ ಕವಿ ಝರಿ, ಝೇಂಕಾರ ಅಂತೆಲ್ಲ
ಸ್ವಂತ ಖರ್ಚಿನಲ್ಲಿ ಪುಸ್ತಕ ಹಾಕಿಸುವ ತನಕ.

ಅರ್ಧ ಗಂಟೆ ಒದ್ದೆ ಬಟ್ಟೆಯಡಿ ನೆನೆದ ಹಿಟ್ಟನ್ನು
ಹೊಸೆದು ಬತ್ತಿ ಮಾಡಿದೆ, ಬಾಗಿಸಿದೆ.
ಠ ಸುಲಭ. ಒಂದು ಬಿಲ್ಲೆ, ನಡುವೆ ಒಂದು ಜೀರಿಗೆ.
ಖ ಸೊಟ್ಟಗಾಯಿತು.
ಝಕ್ಕೆ ಮೂರು ಸಲ ಕೈ ಸೋತಿತು.
ತಟ್ಟೆಯಲ್ಲಿ ಜೋಡಿಸುವಾಗ ನಡುನಡುವೆ ಜಾಗ ಬಿಟ್ಟೆ,
ಅದನ್ನು ಮಾತ್ರ ಯಾರೂ ಹೇಳಿಕೊಡಬೇಕಿರಲಿಲ್ಲ:
ಬಿಸಿಗೆ ಉಬ್ಬುವ ಎಲ್ಲಕ್ಕೂ
ಪಕ್ಕದಲ್ಲೊಂದು ಖಾಲಿ ಮೊಳೆ ಬೇಕು.

ಝೈನಬ್ ನಕ್ಕಳು. "ತಾತ, ಎಲ್ಲಾ ಉಲ್ಟಾ!"
ನೋಡಿದರೆ ಹೌದು. ಕೈಗೆ ಹಳೇ ಅಭ್ಯಾಸ,
ಕನ್ನಡಿಯೊಳಗಿನದೇ ಅದಕ್ಕೆ ಕನ್ನಡ.
ಮುದ್ದೆ ಮಾಡಿ ಮತ್ತೆ ಹೊಸೆಯಲೇ ಅಂದುಕೊಂಡೆ.
ಮರಳು ಕಾದುಬಿಟ್ಟಿತ್ತು. ತಟ್ಟೆ ಇಳಿಸಿ ಮುಚ್ಚಿದೆ.

ಹನ್ನೆರಡು ನಿಮಿಷ.
ಸಣ್ಣಮ್ಮ ಟೀವಿಯ ಮುಂದಿನಿಂದ ಏಳದೆ, ಮೂಗಿನ ಭರವಸೆಯಲ್ಲೇ ಅಂದಳು:
"ತಳ ಹಿಡೀತಿದೆ, ಮಗುಚಿ."
ಚಮಚದ ತುದಿಯಿಂದ ಒಂದೊಂದನ್ನೇ ಮಗುಚಿದೆ.
ಕೆಂಪಗಾದ ಮೈ ಮೇಲೆ ಬಂತು.
ಖ ಸರಿಯಾಗಿತ್ತು. ಝ ಸರಿಯಾಗಿತ್ತು.
ಠ ಮಾತ್ರ, ಜೀರಿಗೆ ಅಡಿಗೆ ಹೋಗಿ,
ಬರೀ ಸೊನ್ನೆ.

ಆರಿದ ಮೇಲೆ ಸಣ್ಣಮ್ಮ ಒಂದನ್ನು ಮುರಿದಳು, ಸದ್ದು ಬಂತು.
"ಕಾರ ಕಮ್ಮಿ."
ಖಾರ, ಅಂದೆ.
"ಅದೇ, ಕಾರ."
ಮೂವತ್ತೆಂಟು ವರ್ಷ ಪ್ರೂಫಿನ ತಪ್ಪು ತಿದ್ದಿದವನು ಸುಮ್ಮನಾದೆ.
ಇನ್ನೆರಡು ಎತ್ತಿಕೊಂಡಳು, ಕೈ ತೊಳೆದಿರಾ ಅಂತ ಕೇಳಲಿಲ್ಲ.

ಝವನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿಕೊಂಡು
ಹುಡುಗಿ ಹೊರಟಳು, ನಾಳೆ ಟೀಚರಿಗೆ ತೋರಿಸುತ್ತಾಳಂತೆ.
ಅರ್ಧ ಮೆಟ್ಟಿಲು ಹತ್ತಿರಬಹುದು, ಅಲ್ಲಿಂದಲೇ ಕೂಗು:
"ತಾತ, ಒಂದು ಕೊಂಬು ತಿಂದೆ.
ಈಗ ಇದು ಯಾವ ಅಕ್ಷರ?"

ನಾನಿನ್ನೂ ಖಾನೆ ಹುಡುಕುತ್ತಿದ್ದೇನೆ.