ಬಂಡೆಯ ಕೆಳಮಗ್ಗುಲು

ಕುರ್ವಕುರ್ದಾದ ಗಡ್ಡಿಗೆ ದಾಟುವಾಗ
ಹರಗೋಲಿನ ಹಸಿ ತಳದ ಮೇಲೆ
ಬೆರಳಿಂದ ಬರೆದು ತೋರಿಸಿದೆ ಜಂಬಲಮ್ಮತ್ತೆಗೆ:
ಇದು ಎಣ್ಣೆಬಾವಿಯ ಕಬ್ಬಿಣದ ಅಟ್ಟ,
ಇದು ನನ್ನ ಹಡಗು. ಲಂಗರು ಇಳಿಸುವಂತಿಲ್ಲ,
ತಳದಲ್ಲಿ ಪೈಪುಗಳು.
ಕಂಪ್ಯೂಟರೇ ಹಿಡಿದು ನಿಲ್ಲಿಸುತ್ತದೆ
ರಾತ್ರಿಯಿಡೀ, ಗಾಳಿ ಎಷ್ಟೇ ಇರಲಿ.

"ಕರೆಂಟು ಹೋದ್ರ?"

ಪರೀಕ್ಷೆಯಲ್ಲೂ ಅದನ್ನೇ ಕೇಳಿದ್ದರು.
ನಾಲ್ಕು ಪುಟ ಬರೆದಿದ್ದೆ.

ಅವಳು ಹುಟ್ಟು ತಿರುವಿ
ಬಂಡೆಯ ಕೆಳಮಗ್ಗುಲಿಗೆ ತಂದಳು,
ಕೈಬಿಟ್ಟು ಎಲೆಯಡಿಕೆ ಸಂಚಿ ಬಿಚ್ಚಿದಳು.
ಕೃಷ್ಣೆ ನಮ್ಮನ್ನು
ಬಂಡೆಯಿಂದ ಅತ್ತ, ಸಾವಕಾಶ, ಒಯ್ದಳು.

"ಮ್ಯಾಲಕಡಿ ನಿಂತ್ರ ಬಂಡಿಗೇ ಒಗೀತಾಳ,"
ಸುಣ್ಣ ಸವರುತ್ತ ಅಂದಳು.
"ನಿಮ್ಮಪ್ಪಗೂ ಹೇಳಿದ್ನಿ."

ನನ್ನ ಹಡಗನ್ನು ಅಂಗೈಯಿಂದ ಒರೆಸಿ
ಅಟ್ಟದ ಆ ಬದಿಗೆ ಬರೆಯುವಷ್ಟರಲ್ಲಿ
ಗಡ್ಡಿ ಬಂತು.